ಅಡುಗೆಮನೆ ಹೊಸ್ತಿಲವರೆಗೆ ಬಂದ ಲೆಕ್ಕ

ಜ್ಞಾನ ದೊರೆಯುವುದು ಗುರುಗಳ ಪಾದದ ಬಳಿ ಎಂಬ ವಿಷಯದಲ್ಲಿ ಎರಡು ಮಾತಿಲ್ಲ. ನನಗೆ ಮಾತ್ರ ಅದು ಮೊಣಕಾಲಿನ ಬಳಿ ದೊರೆಯಿತು. ನಮ್ಮ ಮೇಷ್ಟ್ರ ಕಂದು ಪ್ಯಾಂಟಿನ ಎರಡೂ ಮಂಡಿ ಸದಾ ಸೀಮೆಸುಣ್ಣದಿಂದ ಬೆಳ್ಳಗಿರುತ್ತಿದ್ದವು. ಅವರು ಟ್ಯೂಷನ್ ಹೇಳುತ್ತಿದ್ದ ಶಂಕರಪುರಂನ ಮನೆಯಲ್ಲಿ ಬೋರ್ಡಿರಲಿಲ್ಲ. ಕೆಂಪು ಗಾರೆ ನೆಲವೇ ಬೋರ್ಡು. ಮಂಡಿಯೂರಿ ಬರೆಯುತ್ತ ಹಿಂದಕ್ಕೆ ಸರಿಯುತ್ತಿದ್ದರು. ಸಣ್ಣ ಲೆಕ್ಕ ಬಾಗಿಲಲ್ಲೇ ಮುಗಿಯುತ್ತಿತ್ತು, ದೊಡ್ಡದು ಅಡುಗೆಮನೆಯತ್ತ ಹೊರಡುತ್ತಿತ್ತು.

ನಾನು ಎರಡನೇ ಪಿಯುಸಿ ಗಣಿತದಲ್ಲಿ ಡುಮ್ಕಿ ಹೊಡೆದು ಅಲ್ಲಿಗೆ ಸೇರಿದವನು. ಸಪ್ಲಿಮೆಂಟರಿಗೆ ಒಂದು ತಿಂಗಳಿತ್ತು. ಅದೂ ಹೋದರೆ ನಗರ್ತಪೇಟೆಯಲ್ಲಿ ಸೋದರಮಾವನ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೂರಿಸುವುದೆಂದು ತೀರ್ಮಾನವಾಗಿತ್ತು. ಮಾವ ಸ್ಟೂಲನ್ನೂ ತರಿಸಿಟ್ಟಿದ್ದ.

ಇಂಟಿಗ್ರೇಷನ್ನಿನಲ್ಲಿ ಎಕ್ಸ್ ಬದಲು ಟಿ ಇಟ್ಟು ಸಬ್‌ಸ್ಟಿಟ್ಯೂಷನ್ ಮಾಡಿ, ಉತ್ತರವನ್ನು ಟಿಯಲ್ಲೇ ಬಿಟ್ಟು ಬರುವುದು ನನ್ನ ಅಭ್ಯಾಸ. ಮೇಷ್ಟ್ರು ಬೈಯುತ್ತಿರಲಿಲ್ಲ. "ಟಿ ಅನ್ನೋದು ಬಾಡಿಗೆ ಮನೆ ಕಣಯ್ಯಾ. ಕೆಲಸ ಆದ್ಮೇಲೆ ಎಕ್ಸ್ ಹತ್ರ ವಾಪಸ್ ಬರ್ಬೇಕು. ಅಲ್ಲೇ ಸಂಸಾರ ಹೂಡ್ಬೇಡ."

ಇಂಟಿಗ್ರೇಷನ್ ಬೈ ಪಾರ್ಟ್ಸ್ ಪಾಠ ಬಂದಾಗ ನನಗೊಂದು ದಿನ ಸೀಮೆಸುಣ್ಣ ಕೊಟ್ಟರು. ಇ ಪವರ್ ಎಕ್ಸ್, ಸೈನ್ ಎಕ್ಸ್, ಎರಡರ ಗುಣಲಬ್ಧದ ಇಂಟಿಗ್ರಲ್; ಅದಕ್ಕೆ ಐ ಎಂದು ಹೆಸರು. ಒಂದನ್ನು ಡಿಫರೆನ್ಷಿಯೇಟ್ ಮಾಡಬೇಕು, ಇನ್ನೊಂದನ್ನು ಇಂಟಿಗ್ರೇಟ್. ಇದನ್ನೇ ಎರಡು ಸಲ ಮಾಡಿದರೆ ಹೊರಟ ಲೆಕ್ಕವೇ ಮೈನಸ್ ಹೊತ್ತು ಎದುರಾಗುತ್ತದೆ. ಅದನ್ನು ಎಡಕ್ಕೆ ತಂದು ಅರ್ಧ ಮಾಡಿದರೆ ಮುಗಿಯಿತು. ನಾನು ಮೊದಲ ಸಲ ಸೈನನ್ನು ಡಿಫರೆನ್ಷಿಯೇಟ್ ಮಾಡಿದೆ. ಎರಡನೇ ಸಲ, ಇ ಪವರ್ ಎಕ್ಸಿಗೂ ಒಂದು ಅವಕಾಶವಿರಲಿ ಎಂಬ ಉದಾರ ಮನಸ್ಸಿನಿಂದ, ಪಾತ್ರ ಅದಲುಬದಲು ಮಾಡಿದೆ. ಅಡುಗೆಮನೆ ಹೊಸ್ತಿಲು ಬಂತು. ಎಲ್ಲವೂ ಒಂದಕ್ಕೊಂದು ಹೊಡೆದುಹೋಗಿ ಕೊನೆಗೆ ಉಳಿದದ್ದು: ಐ ಸಮ ಐ.

ಮೇಷ್ಟ್ರ ಹೆಂಡತಿ ಸೌಟು ಹಿಡಿದೇ ಬಗ್ಗಿ ನೋಡಿದರು. "ಇಷ್ಟು ದೂರ ಬಂದು ಹೊರಟ ಜಾಗಕ್ಕೇ ಹೋಯ್ತಾ? ಒರೆಸಿಬಿಡಪ್ಪ, ಸಾರು ತರ್ಬೇಕು."

"ಇರು, ಒರೆಸ್ಬೇಡ," ಎಂದರು ಮೇಷ್ಟ್ರು. ಕನ್ನಡಕ ಸರಿಮಾಡಿಕೊಂಡು, ಹೊಸ್ತಿಲಿನಿಂದ ಬಾಗಿಲವರೆಗೆ ಮಂಡಿಯಲ್ಲೇ ಸಾಗಿ ಒಂದೊಂದು ಸಾಲನ್ನೂ ಓದಿದರು. ನನ್ನ ಬರವಣಿಗೆಯನ್ನು ಅಷ್ಟು ಮರ್ಯಾದೆಯಿಂದ ಅದುವರೆಗೆ ಯಾರೂ ಓದಿರಲಿಲ್ಲ.

"ಒಂದು ಸಾಲೂ ತಪ್ಪಿಲ್ಲ. ಐ ಸಮ ಐ, ಸತ್ಯವೇ. ಪ್ರಯೋಜನ ಇಲ್ಲ ಅಷ್ಟೆ. ಅರ್ಧ ದಾರೀಲಿ ಮನಸ್ಸು ಬದಲಾಯಿಸ್ದೆ ನೋಡು, ಹೋಗಿದ್ದನ್ನೆಲ್ಲ ನೀನೇ ವಾಪಸ್ ತಂದೆ. ಹಿಡಿದಿದ್ದನ್ನೇ ಹಿಡ್ಕೋ."

ಪರೀಕ್ಷೆ ಮುಗಿಸಿ ನೇರ ಅಲ್ಲಿಗೇ ಹೋದೆ. ಮೇಷ್ಟ್ರು ಮಂಚದ ಮೇಲಿದ್ದರು. ಎದೆನೋವೆಂದು ಡಾಕ್ಟರು ನೆಲಕ್ಕೆ ಇಳಿಯುವುದನ್ನೇ ನಿಷೇಧಿಸಿದ್ದರು. ಮಂಡಿಗಳು ಚೊಕ್ಕಟವಾಗಿದ್ದವು, ನೋಡಲು ಸಂಕಟವಾಯಿತು. ಪ್ರಶ್ನೆಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದರು.

"ಬಂದಿದೆಯಲ್ಲಯ್ಯಾ ನಿನ್ನ ಲೆಕ್ಕ. ಎರಡನೇ ಸಲ ಏನ್ಮಾಡ್ದೆ?"

"ಬದಲಾಯಿಸ್ಲಿಲ್ಲ ಸರ್."

"ಸರಿ. ಕಾಫಿ ಕುಡ್ಕೊಂಡು ಹೋಗು."

ಎಂಟು ದಿನಕ್ಕೆ ತೀರಿಕೊಂಡರು. ಅವರನ್ನು ಮಲಗಿಸಿದ್ದು ಅದೇ ನೆಲದ ಮೇಲೆ. ಯಾರೋ ಚೆನ್ನಾಗಿ ಒರೆಸಿದ್ದರು.

ಫಲಿತಾಂಶ ಆಮೇಲೆ ಮೊಬೈಲಿಗೆ ಬಂತು. ಪಾಸಿಗೆ ಮೂವತ್ತೈದು ಬೇಕಿತ್ತು. ನನಗೆ ಮೂವತ್ತೊಂಬತ್ತು ಬಂದಿತ್ತು. ಅದರಲ್ಲಿ ಐದು ಆ ಲೆಕ್ಕದ್ದು.