ಕಡಲಿನ ಕೊಳೆ ಕುಂಬ್ರದ ಅಂಗಳದಲ್ಲಿ

ಬೆಳಕು ಹರಿಯುವ ಮೊದಲೇ ಅಮ್ಮು ಹಲಗೆ ಏರಿ ಕುಳಿತಿದ್ದಾರೆ. ಹಲಗೆಯ ಅಡಿಯಲ್ಲಿ ಒಂದಾಳುದ್ದದ ದಿಂಬು. ಅದರಿಂದ ಕಪ್ಪು ಎಣ್ಣೆ ಇಳಿದು ಬೋಗುಣಿಗೆ ಬೀಳುತ್ತಿದೆ. ಅತ್ತಿಗೆ ಸುಂದರಿಯೂ ಪಕ್ಕದಲ್ಲಿ ಕೂರುತ್ತಾರೆ.

"ಒತ್ತಿ ಕೂತ್ಕೊಳ್ಳಿ ಅತ್ತಿಗೆ. ನೀವು ಉಣ್ಣುದೆಲ್ಲ ಎಲ್ಲಿಗೆ ಹೋಗ್ತದೆ?" ಅಮ್ಮು ನಗುತ್ತಾರೆ, ಕೆಮ್ಮುತ್ತಾರೆ.

ಒಳನಾಡಿನ ಈ ಕುಂಬ್ರಕ್ಕೂ ಕಡಲಿಗೂ ಎಲ್ಲಿಯ ನಂಟು? ಬಂದರಿನಲ್ಲಿ ಸೋರಿದ ಎಣ್ಣೆಯನ್ನು ಬಳಿದು ತೆಗೆಯಲು ಒಂದು ಹಡಗಿದೆ. ಅದು ನೀರಿಗಿಳಿಸುವ ದಿಂಬುಗಳನ್ನು ಹೊಲಿದು ಬೂರುಗದ ಹತ್ತಿ ತುಂಬುವವರು ಈ ಅಮ್ಮು. ಬೂರುಗದ ಹತ್ತಿ ನೀರನ್ನು ಹತ್ತಿರ ಸೇರಿಸದು, ಎಣ್ಣೆಯನ್ನು ಬಿಡದು. ಗಂಡ ತೀರಿಹೋದ ಮೇಲೆ ಮದುವೆ ಹಾಸಿಗೆ ಹೊಲಿದು ಬದುಕುತ್ತಿದ್ದವರಿಗೆ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಈ ಕೆಲಸ ಸಿಕ್ಕಿತು.

ಹಡಗಿಗೆ ಹಾರ ಹಾಕಿದ್ದಾರೆ, ಭಾಷಣ ಮಾಡಿದ್ದಾರೆ. ದಿಂಬು ಹೊಲಿದವರು ಯಾರೆಂದು ಒಬ್ಬರೂ ಕೇಳಿಲ್ಲ. ಹೋಗಲಿ, ಬೇಡ. ಆದರೆ ಎಣ್ಣೆ ಕುಡಿದ ದಿಂಬುಗಳನ್ನು ಲಾರಿಯಲ್ಲಿ ತಂದು ಇದೇ ಅಂಗಳಕ್ಕೆ ಸುರಿಯುತ್ತಾರಲ್ಲ, ಅದಕ್ಕೇನೆನ್ನಬೇಕು? ತೊಳೆದು ವಾಪಸು ಕೊಡಬೇಕಂತೆ. ಎಲ್ಲಿ ತೊಳೆಯುವುದು ಎಂದು ಕೇಳಿದರೆ ಗುತ್ತಿಗೆದಾರ ಮನೆಯ ಕೆಳಗೆ ಹರಿಯುವ ತೋಡಿನತ್ತ ಕೈ ತೋರಿಸಿದನಂತೆ.

ಅಮ್ಮು ಒಂದೇ ಒಂದು ದಿಂಬನ್ನು ತೋಡಿಗೆ ಅದ್ದಿದರು. "ಕೆಳಗೆ ಮಾಯಿಲಪ್ಪಣ್ಣನ ಎಮ್ಮೆ ನೀರಿಗೆ ಮೂತಿ ಇಟ್ಟದ್ದು ಹಾಗೇ ಎತ್ತಿತು ಮಾರಾಯ್ರೆ. ಎಮ್ಮೆಗೆ ಬೇಡದ ನೀರು ನಾವು ಕುಡಿಯುದಾ? ಮತ್ತೆ ನಾನು ಇಳಿಸ್ಲೇ ಇಲ್ಲ."

ಅಂದಿನಿಂದ ಹಲಗೆ ಹೇರಿ ಹಿಂಡುವುದು, ಎಣ್ಣೆಯನ್ನು ಡ್ರಮ್ಮಿಗೆ ತುಂಬಿಡುವುದು. ಡ್ರಮ್ಮು ಒಯ್ಯುವ ಲಾರಿ 'ಬರುವ ವಾರ' ಬರಬೇಕಿತ್ತು. ಈಗ ಎಂಬತ್ತಮೂರನೇ ಇಸವಿ, ಇನ್ನೂ ಬಂದಿಲ್ಲ. ಉಪ್ಪುನೀರು, ಮರಳು ಬೆರೆತ ಆ ಎಣ್ಣೆ ದೀಪಕ್ಕೂ ಆಗದು. ತುಕ್ಕು ಹಿಡಿದ ಡ್ರಮ್ಮುಗಳ ತಳ ಸೋರದಂತೆ ಅಮ್ಮು ಹಲಸಿನ ಮೇಣ ಮೆತ್ತಿದ್ದಾರೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಹತ್ತು ಹನಿ ಎನ್ನುತ್ತಾರೆ, ಆಮೇಲೆ ಮಳೆಗಾಲವೇ. ಅಷ್ಟರೊಳಗೆ ಡ್ರಮ್ಮು ಹೋಗದಿದ್ದರೆ ಎಣ್ಣೆ ತೋಡಿಗೆ, ತೋಡಿನಿಂದ ಊರಿನ ಬಾವಿಗಳಿಗೆ. ಕಡಲನ್ನು ಗುಡಿಸಿ ಕಸವನ್ನು ಬಡವರ ಅಂಗಳಕ್ಕೆ ತಳ್ಳಿದರೆ ಅದು ಶುಚಿ ಹೇಗಾಯಿತು? ನನಗಂತೂ ಮೈಯೆಲ್ಲ ಉರಿಯುತ್ತದೆ.

ನಾನು ಅಮ್ಮು ಜೊತೆ ಮಾತಾಡುತ್ತಿದ್ದಂತೆ ಲಾರಿ ಬರುತ್ತದೆ, ಎಣ್ಣೆ ಕುಡಿದ ದಿಂಬುಗಳ ಮತ್ತೊಂದು ಹೊರೆಯೊಂದಿಗೆ. ಅಮ್ಮು ಸೆರಗು ಬಿಗಿದು ಅಂಗಳದ ಬಾಯಿಗೆ ಹೋಗಿ ನಿಲ್ಲುತ್ತಾರೆ.

"ಮೊದಲು ಡ್ರಮ್ಮು ಹತ್ತಿಸಿ. ಮತ್ತೆ ದಿಂಬು ಇಳಿಸಿ."

"ನನಗೆ ಹಾಗೆ ಹೇಳ್ಲಿಲ್ಲ ಅಕ್ಕ," ಎನ್ನುತ್ತಾನೆ ಚಾಲಕ.

"ಹಾಗಾದ್ರೆ ಹೇಳಿಸ್ಕೊಂಡು ಬನ್ನಿ."

ಹಾರ್ನ್ ಹೊಡೆದರೂ ಅವರು ಕದಲುವುದಿಲ್ಲ. ಕೊನೆಗೆ ಲಾರಿ ಹೊರೆ ಸಮೇತ ಹಿಂದಿರುಗುತ್ತದೆ. ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಹೋಗ್ಲಿ. ಹಾಸಿಗೆ ಹೊಲಿಯುದು ಮರ್ತಿಲ್ಲ." ಅಮ್ಮು ಒಂದು ಉಂಡೆ ಮೇಣ ತೆಗೆದುಕೊಂಡು ಡ್ರಮ್ಮಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. "ಕಡಲಿಗೆ ಅಷ್ಟು ದೊಡ್ಡ ಹಡಗು ಉಂಟು. ನಮ್ಮ ತೋಡಿಗೆ ಯಾರುಂಟು ಹೇಳಿ? ನಾನೇ ಅಲ್ವಾ?"