ನೀರಿಲ್ಲದ ಬತ್ತಿ

ಇದನ್ನು ಹೇಳುವುದನ್ನು ನಲವತ್ತು ವರ್ಷ ಮುಂದೂಡಿದ್ದೇನೆ. ಜಗಳೂರಿನಲ್ಲಿ ನಾವು ರೇಷ್ಮೆಹುಳು ಸಾಕುತ್ತಿದ್ದೆವು. ಹುಳುಮನೆಯ ಗಾಳಿ ಒಣಗದಂತೆ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿದ್ದೆವು. ಗೋಡೆಯ ಮೇಲೆ ಜೋಡಿ ಥರ್ಮಾಮೀಟರ್ ಇತ್ತು. ಒಂದರ ಬುಡಕ್ಕೆ ನೀರಿನ ಬಟ್ಟಲಲ್ಲಿ ಅದ್ದಿದ ಬತ್ತಿ. ಎರಡೂ ಒಂದೇ ಅಂಕಿ ತೋರಿಸಿದರೆ ತೇವ ಅತಿಯಾಗಿದೆ ಎಂದರ್ಥ. ಹೈಸ್ಕೂಲು ಓದಿದವನೆಂದು ಅದನ್ನು ನಾನೇ ನೋಡುತ್ತಿದ್ದೆ.

ಒಂದು ಬೇಸಿಗೆ ಎರಡೂ ಒಂದೇ ಅಂಕಿ ತೋರಿಸಿದವು. ಗೋಣಿ ಬಿಚ್ಚಿಸಿದೆ.

“ಭಾವ, ಸೊಪ್ಪು ಹಪ್ಪಳ ಆಗೈತೆ. ಗೋಣಿ ಮತ್ತೆ ಕಟ್ಟಾನ್ರಿ,” ಎಂದಳು ತಮ್ಮನ ಹೆಂಡತಿ.

“ಮೀಟರ್ ಓದಾಕೆ ನೀನು ಯಾವಾಗ ಕಲ್ತೆ?” ಎಂದೆ.

ಮೂರನೇ ದಿನ ಹುಳುಗಳು ಪೊರೆ ಬಿಡಲಾರದೆ ಸತ್ತವು. ಆಗ ನೋಡಿದರೆ ಬತ್ತಿಯ ಬಟ್ಟಲು ಒಣಗಿತ್ತು. ಬತ್ತಿ ಒಣಗಿದರೆ, ಗಾಳಿ ಎಷ್ಟೇ ಒಣಗಿದ್ದರೂ ಎರಡೂ ಒಂದೇ ಅಂಕಿ ತೋರಿಸುತ್ತವೆ. ನೀರು ತುಂಬುವುದನ್ನು ನಾನೇ ಮರೆತಿದ್ದೆ. ಯಾರಿಗೂ ಕಾಣದಂತೆ ತುಂಬಿಸಿಟ್ಟೆ.

“ಮುಟ್ಟಾದಾಗ ಒಳಗೆ ಕಾಲಿಟ್ಟಾಳೆ, ಅದಕ್ಕೇ ಹಿಂಗಾಗೈತೆ,” ಎಂದು ಅವ್ವ ಎಲ್ಲರೆದುರು ಸೊಸೆಯ ಮೇಲೆ ಹೊರಿಸಿದಳು. ಅವಳು ಇಲ್ಲವೆಂದು ಅಳುತ್ತಾ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ ಸತ್ತ ಹುಳು ಗುಡಿಸಿದೆ.

ಮತ್ತೆಂದೂ ಅವಳನ್ನು ಹುಳುಮನೆಯೊಳಗೆ ಬಿಡಲಿಲ್ಲ. ಆ ಅಪವಾದ ಹೊತ್ತೇ ಅವಳು ತೀರಿಕೊಂಡಳು. ನಾನು ತಪ್ಪಾಯಿತೆಂದು ಹೇಳಬೇಕಿದ್ದದ್ದು ಅವಳಿಗೆ, ನನ್ನ ತಮ್ಮನ ಹೆಂಡತಿಗೆ.