ಬೆಲ್‌ಬಾಟಮ್ಮಿನೊಳಗಿನ ಗಾಯ

ಮೊನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ ಒಂದು ಪೊಟ್ಟಣ ಹರಿದಾಗ ಒಳಗಿದ್ದದ್ದು ಹಿಂಜಿದ ಕುರಿಯುಣ್ಣೆಯನ್ನು ತಟ್ಟಿ ಚಪ್ಪಟೆ ಮಾಡಿದಂಥ ಒಂದು ಬಿಳಿ ತುಣುಕು. ಕುರುಬರ ಮನೆಯಲ್ಲಿ ಹುಟ್ಟಿದವನು ನಾನು, ಉಣ್ಣೆ ಕಂಡರೆ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. "ಬರಿಗೈಲಿ ಮುಟ್ಟಬೇಡಿ ಮೇಷ್ಟ್ರೇ, ಅದು ಉಣ್ಣೆ ಅಲ್ಲ, ಕಡಲ ಪಾಚಿಯಿಂದ ತೆಗೆದ ನಾರು" ಎಂದರು. ಗಾಯದ ರಸ ಹೀರಿಕೊಂಡು ಅದು ಲೋಳೆಯಾಗುತ್ತದಂತೆ, ಗಾಯವನ್ನು ಒಣಗಲು ಬಿಡುವುದಿಲ್ಲವಂತೆ, ಬಿಚ್ಚುವಾಗ ಹೊಸ ಚರ್ಮವನ್ನು ಕಿತ್ತುಕೊಂಡು ಬರುವುದಿಲ್ಲವಂತೆ. ಕೆರೆಯಲ್ಲೇ ನೀರು ನಿಲ್ಲದ ನಮ್ಮ ಚಿತ್ರದುರ್ಗಕ್ಕೆ ಕಡಲ ಪಾಚಿ ಬಂದು ನನ್ನ ಹೆಂಡತಿ ಸರೋಜಳ ಹಿಮ್ಮಡಿ ಸೇರಿತು ಅಂದರೆ ಕಾಲ ಎಲ್ಲಿಗೆ ಬಂತು ನೋಡಿ.

ಅವಳಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿಯ ಗಾಯ ಮಾಯುವುದಿಲ್ಲ ಎಂದು ಹಟ ಹಿಡಿದಿದೆ. "ಮುಂದಿನ ಸಲದಿಂದ ಮನೇಲಿ ನೀವೇ ಬದಲಾಯಿಸಿ" ಎಂದು ನರ್ಸಮ್ಮ ನನ್ನ ಕೈಗೆ ಪೊಟ್ಟಣಗಳನ್ನು ಕೊಟ್ಟಾಗ ನನ್ನ ಬಲಗಾಲು ಸರಕ್ಕನೆ ಹಿಂದೆ ಸರಿಯಿತು. ಗಾಯ ಇರುವುದು ಅವಳ ಕಾಲಿಗೆ, ಹೆದರಿದ್ದು ನನ್ನ ಕಾಲು. ಅದಕ್ಕೆ ಕಾರಣವಿದೆ, ಹೇಳುತ್ತೇನೆ, ನಿಮಗೇನೂ ಅವಸರವಿಲ್ಲ ತಾನೆ?

ಎಪ್ಪತ್ತರ ದಶಕದ ನಡುಭಾಗ. ನಾನು ಹೊಳಲ್ಕೆರೆ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟ್ರು. ಹಾಲುರಾಮೇಶ್ವರದಲ್ಲಿ ನಡೆದ ನೆಂಟರ ಮದುವೆಯೊಂದರಲ್ಲಿ ಭರಮಸಾಗರದ ಹುಡುಗಿಯೊಬ್ಬಳನ್ನು ದೂರದಿಂದ ನೋಡಿದ್ದೆ. ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದವಳು ಯಾರದೋ ಮಾತಿಗೆ ನಕ್ಕು, ಸೌಟು ತಪ್ಪಿಸಿ, ಸಾರನ್ನು ಒಬ್ಬ ಹಿರಿಯರ ಪಂಚೆಗೆ ಬಡಿಸಿದ್ದಳು. ನನ್ನ ಮನಸ್ಸು ಅಲ್ಲೇ ಬಿತ್ತು. ಅದುವರೆಗೆ ಎರಡು ಸಂಬಂಧ ತಪ್ಪಿಹೋಗಿದ್ದವು, ಎರಡಕ್ಕೂ ನಾನು ಅತ್ತಿರಲಿಲ್ಲ. ಇದು ತಪ್ಪಿದರೆ ಮಾತ್ರ ನಾನು ಬದುಕಿದ್ದೂ ಸತ್ತಂತೆ ಅನ್ನಿಸಿತ್ತು. ಅವ್ವನಿಗೆ ಹೇಳಿದೆ. ಹೆಣ್ಣು ನೋಡಲು ದಿನವೂ ಗೊತ್ತಾಯಿತು.

ಆಗಲೇ ಸೈಕಲ್ಲು ನನ್ನನ್ನು ಜಲ್ಲಿ ರಾಶಿಯ ಮೇಲೆ ಬೀಳಿಸಿದ್ದು. ಬಲ ಮೊಣಕಾಲ ಕೆಳಗಿನಿಂದ ಪಾದದ ಹರಡಿನವರೆಗೆ ಚರ್ಮ ಕಿತ್ತುಬಂತು. ನಮ್ಮ ಕಡೆ ಗಾಯ ನೋಡಲು ಬರುವವರು ಬರಿಗೈಲಿ ಬರುವುದಿಲ್ಲ, ಒಂದೊಂದು ಔಷಧಿ ಹಿಡಿದೇ ಬರುತ್ತಾರೆ. ಹಚ್ಚಿಸಿಕೊಳ್ಳದಿದ್ದರೆ ಅವರ ಮುಖ ಊದುತ್ತದೆ. ಅವ್ವ ಕಾಫಿಪುಡಿ ಮೆತ್ತಿದಳು. ದೊಡ್ಡಪ್ಪ ಹಳೇ ಕಂಬಳಿ ಚೂರು ಸುಟ್ಟು ಬೂದಿ ತುಂಬಿದ. ಕ್ಷೌರದವನು ಪಟಿಕ ಉಜ್ಜಿದ, ಪಕ್ಕದ ಮನೆಯಾಕೆ ಗಾಯದ ಸೊಪ್ಪು ಹಿಂಡಿದಳು. "ಯಾರ ಮನ್ಸೂ ನೋಯಿಸಬಾರ್ದಪ್ಪ" ಎಂದು ಅವ್ವ ಎಲ್ಲವನ್ನೂ ಹಚ್ಚಿಸಿದಳು. ಹೀಗೆ ಊರಿನ ಯಾರ ಮನಸ್ಸೂ ನೋಯಲಿಲ್ಲ, ನನ್ನ ಕಾಲೊಂದು ಬಿಟ್ಟು.

ಕೊನೆಗೆ ಆಸ್ಪತ್ರೆ. ಕಾಂಪೌಂಡರು ಅಷ್ಟೂ ಪದರಗಳನ್ನು ತೊಳೆದು, "ಇದು ಕಾಲೋ, ಗೊಬ್ಬರದ ಗುಂಡಿಯೋ?" ಎಂದು ಹಳದಿ ಔಷಧಿಯ ಬಟ್ಟೆ ಸುತ್ತಿ ಕಳಿಸಿದರು. ಆ ಬಟ್ಟೆ ಗಾಯದ ಮೇಲೆ ಒಣಗಿ ಹಪ್ಪಳವಾಗುತ್ತಿತ್ತು. ಮರುಸಲ ಅದನ್ನು ಚರ್ರನೆ ಎಳೆದರೆ ಆಗಷ್ಟೇ ಮೂಡಿದ ಚರ್ಮವೂ ಅದರ ಜೊತೆ ಹೊರಡುತ್ತಿತ್ತು, ಗಾಯ ಮತ್ತೆ ಮೊದಲಿಂದ ಶುರು. ಆಸ್ಪತ್ರೆಯ ಬೇವಿನ ಮರದ ಕಾಗೆಗಳು ನನ್ನ ಕೂಗಿಗೆ ಹಾರುತ್ತಿದ್ದವು.

ಹೆಣ್ಣು ನೋಡುವ ದಿನ ಬಂದೇಬಿಟ್ಟಿತು. ಕುಂಟುವ ವರನಿಗೆ ಹೆಣ್ಣು ಕೊಡುವವರು ಯಾರು? ನಾನೊಂದು ಉಪಾಯ ಹೂಡಿದೆ. ಆಗ ಬೆಲ್‌ಬಾಟಮ್ ಪ್ಯಾಂಟಿನ ಕಾಲ. ದುರ್ಗದ ದರ್ಜಿಗೆ ಹೇಳಿ ಹೊಲಿಸಿದ್ದ ನನ್ನ ಪ್ಯಾಂಟಿನ ಒಂದೊಂದು ಕಾಲಲ್ಲಿ ಒಂದೊಂದು ಕುಂಬಳಕಾಯಿ ಬಚ್ಚಿಡಬಹುದಿತ್ತು. ಬ್ಯಾಂಡೇಜು ಯಾವ ಲೆಕ್ಕ! ಹಲ್ಲು ಕಚ್ಚಿ, ನೆಟ್ಟಗೆ ನಡೆದು ಭರಮಸಾಗರದ ಅವರ ಮನೆ ಬಾಗಿಲಿಗೆ ಹೋದೆ.

ಬಾಗಿಲಲ್ಲಿ ಹುಡುಗಿಯ ಸೋದರಮಾವ ತಂಬಿಗೆ ತುಂಬ ನೀರು ಹಿಡಿದು ನಿಂತಿದ್ದರು. "ಬರ್ರಿ ಬರ್ರಿ, ಕಾಲಿಗೆ ನೀರು ತಗಳ್ರಿ." ಅಯ್ಯೋ ಶಿವನೇ! ಹುಟ್ಟಿದಾಗಿನಿಂದ ಯಾರ ಮನೆಗೆ ಹೋದರೂ ಕಾಲು ತೊಳೆದೇ ಒಳಗೆ ಹೋದವನಿಗೆ ಅದೊಂದು ಮರೆತೇಹೋಗಿತ್ತು. "ಪರವಾಗಿಲ್ಲ ಬಿಡ್ರಿ" ಅಂದೆ. "ಹಂಗಂದ್ರೆ ಹೆಂಗ್ರಿ?" ಎಂದು ಅವರೇ ಬಗ್ಗಿ ನನ್ನ ಪ್ಯಾಂಟು ಎತ್ತಿದರು.

"ಏನ್ರಿ ಇದು! ಕಾಲು ಕೊಳೆತೈತೆ! ಇದನ್ನೇ ಮುಚ್ಚಿಟ್ಟೋರು ಇನ್ನೇನೇನು ಮುಚ್ಚಿಟ್ಟವ್ರೋ!"

"ಸೈಕಲ್ಲಿಂದ ಬಿದ್ದಿದ್ದು ಕಣಪ್ಪ" ಎಂದು ಅವ್ವ ಗೋಗರೆದಳು. "ಹಂಗಾದ್ರೆ ಬಿಚ್ಚಿ ತೋರಿಸ್ಲಿ" ಎಂದು ಮಾವ ಜಗಲಿಯ ಮೇಲೆ ನನ್ನನ್ನು ಕೂರಿಸಿ ಬಟ್ಟೆಯ ತುದಿ ಹಿಡಿದು ಎಳೆದರು. "ಅವ್ವಾ!" ಅಂತ ನಾನು ಕೂಗಿದ್ದು ದಾವಣಗೆರೆ ರಸ್ತೆಗೂ ಕೇಳಿರಬೇಕು.

"ಎಳೀಬ್ಯಾಡ್ರಿ ಮಾವ!" ಒಳಗಿನಿಂದ ಒಂದು ದನಿ. ಹುಡುಗಿ ಅರ್ಧ ಹೆಣೆದ ಜಡೆಯಲ್ಲೇ ಓಡಿಬಂದಳು. ನಾನು ಹೆಣ್ಣು ನೋಡುವ ಮೊದಲು ಹೆಣ್ಣು ನನ್ನ ಕಾಲು ನೋಡಿತು. ಕಾದು ಆರಿದ ಉಪ್ಪುನೀರು ತಂದಳು. "ಒಣಗಿದ್ದನ್ನ ಎಳೆದ್ರೆ ಚರ್ಮಾನೂ ಬರ್ತೈತೆ. ನೆನೀಲಿ ಬಿಡ್ರಿ" ಎಂದು ಹನಿಹನಿಯಾಗಿ ಬಿಡುತ್ತ ಕುಂತಳು. ಅವಳ ಅಪ್ಪನ ಕಾಲಿಗೆ ಹಿಂದೊಮ್ಮೆ ಕೊಡಲಿ ಬಿದ್ದಾಗ ತಿಂಗಳುಗಟ್ಟಲೆ ಗಾಯ ತೊಳೆದು ಕಲಿತಿದ್ದಳಂತೆ. ಬಟ್ಟೆ ನೆನೆಯುವವರೆಗೂ ಎಲ್ಲರೂ ನನ್ನ ಕಾಲನ್ನೇ ನೋಡುತ್ತ ಉಪ್ಪಿಟ್ಟು ತಿಂದರು. ನಾನೂ ತಿಂದೆ, ನಾಚಿಕೆಗೇಡಿ. ಬಟ್ಟೆ ನಿಧಾನಕ್ಕೆ ಬಿಟ್ಟುಕೊಂಡಿತು. ಕೊನೆಯ ಚೂರು ಮಾತ್ರ ಪ್ರಾಣ ಹಿಂಡಿತು, ಕಂಬ ತಬ್ಬಿಕೊಂಡೆ. ಕೆಳಗೆ ಗಾಯ ಕೆಂಪಗೆ, ಶುಭ್ರವಾಗಿತ್ತು.

"ಆದ್ರೂ ಮೂರು ತಿಂಗ್ಳು ನೋಡಾಣ" ಎಂದು ಸೋದರಮಾವ ತಲೆಯಾಡಿಸಿದರು. ಆಗ ಅವಳ ಅಪ್ಪ, ಪೇಟ ಸುತ್ತಿದ ಮೆದು ಮಾತಿನ ಮನುಷ್ಯ, "ನೀನೇನಂತೀಯ ತಾಯಿ?" ಎಂದು ಮಗಳನ್ನೇ ಕೇಳಿದರು. ಅವಳು ತಂಬಿಗೆ ಎತ್ತಿಕೊಂಡು, "ಆಗ್ಲಿ" ಅಂದಳು. ಅಷ್ಟೇ. ಯಾಕೆ ಎಂದು ನಾನು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಬೆಲ್‌ಬಾಟಮ್ಮಿಗೇ ಮರುಳಾದಳು ಎಂದು ಇಷ್ಟು ವರ್ಷ ಒಳಗೊಳಗೇ ಬೀಗಿಕೊಂಡಿದ್ದೆ.

ಮೊನ್ನೆಯ ಪಟ್ಟಿ ಬಿಚ್ಚುವ ದಿನ ಇವತ್ತು. ಸರೋಜ ಸ್ಟೂಲಿನ ಮೇಲೆ ಕಾಲಿಟ್ಟು ಕುಂತಳು. ಪಟ್ಟಿಯ ತುದಿ ಹುಡುಕುವ ನೆಪದಲ್ಲಿ ನಾನು ಮತ್ತೆ ಮತ್ತೆ ಕನ್ನಡಕ ಒರೆಸಿಕೊಂಡೆ. "ಬಿಚ್ರಿ, ಒಳಗೇನು ಹುಲಿ ಐತಾ?" ಎಂದಳು. ಬಿಚ್ಚಿದೆ. ಉಣ್ಣೆಯಂತಿದ್ದದ್ದು ಗಂಜಿಯ ಕೆನೆಯಂತಾಗಿತ್ತು. ನರ್ಸಮ್ಮ ಪೊಟ್ಟಣಗಳ ಜೊತೆ ಕೊಟ್ಟಿದ್ದ ಗಾಯ ತೊಳೆಯುವ ನೀರು ಹಾಕಿದ್ದೇ ತಡ, ಜಾರಿ ಬಂತು.

"ಆತೇನ್ರಿ?"

"ಆತು."

"ಅಯ್ಯ, ನಾನು ಸುಮ್ನೆ ಹಲ್ಲು ಕಚ್ಕಂಡು ಕುಂತಿದ್ನಲ್ಲ!"

ಆ ಸಮಾಧಾನದಲ್ಲೇ ಬಾಯಿಬಿಟ್ಟು ಕೇಳಿಬಿಟ್ಟೆ: "ಅವತ್ತು ಯಾಕೆ ಒಪ್ಪಿದೆ ಸರೋಜಾ? ಪ್ಯಾಂಟು ನೋಡಿ ತಾನೆ?"

"ಆ ಪ್ಯಾಂಟಾ? ಅದನ್ನ ನೋಡಿ ಬ್ಯಾಡ ಅನ್ನಾಣ ಅಂತಿದ್ದೆ" ಎಂದು ನಕ್ಕಳು. ನಗು ನಿಂತ ಮೇಲೆ ಹೇಳಿದಳು: "ಕೊಡಲಿ ಬಿದ್ದಾಗ ಗಾಯದ ಬಟ್ಟೆ ಚೂರು ಎಳೆದ್ರೂ ಅಂಥ ಮೆದು ಮಾತಿನ ನಮ್ಮಪ್ಪ ಬಾಯಿಗೆ ಬಂದಂಗೆ ಬೈಯೋನು. ಅವ್ವಂಗೆ ಒಂದ್ಸಲ ಒದ್ದೂಬಿಟ್ಟ. ನೋವಾದ್ರೆ ಗಂಡಸ್ರು ಹಂಗೇ ಅಂತ ತಿಳ್ಕಂಡಿದ್ದೆ. ನೀವು ಕೂಗಿದ್ರಿ, ಕಂಬ ತಬ್ಬಿದ್ರಿ, ಕಣ್ಣಾಗೆ ನೀರು ಹಾಕ್ಕಂಡ್ರಿ. ನಂಗೊಂದು ಮಾತು ಅನ್ನಲಿಲ್ಲ."

ಹೊಸ ಪಟ್ಟಿ ಹಾಕಬೇಕಿತ್ತು. ಪೊಟ್ಟಣದ ಯಾವ ತುದಿ ಹರಿಯಬೇಕೋ ನನಗೆ ಕಾಣಲಿಲ್ಲ, ಕಣ್ಣು ತುಂಬಿಬಿಟ್ಟಿತ್ತು.

"ಕೊಡ್ರಿ ಇಲ್ಲಿ" ಎಂದು ಸರೋಜ ಅದನ್ನು ಇಸಕೊಂಡು, ಹರಿದು, ನನ್ನ ಕೈಗಿಟ್ಟಳು.